ಹೆಸರಿಗೆ ಹುಲ್ಲು, ಗುಣಕ್ಕೆ ಜೋಳ

ಸಂಪಾದಕರಿಗೆ,

ಮಾನ್ಯರೇ,

ಬೇಸಿಗೆಯ ಮೇವಿನ ಕೊರತೆಗೆ ಸುಡಾನ್ ಹುಲ್ಲು ಒಳ್ಳೆಯ ಪರಿಹಾರವೆಂದು ವಿವರಿಸುವ ಲೇಖನವೊಂದು ಇತ್ತೀಚೆಗೆ ತಮ್ಮ ಪತ್ರಿಕೆಯ ಕೃಷಿ ಪುಟದಲ್ಲಿ ಪ್ರಕಟವಾಗಿತ್ತು. ಐದು ವರ್ಷಗಳಿಂದ ಹನ್ನೆರಡು ಗುಂಟೆಯಲ್ಲಿ ಅದೇ ಮೇವನ್ನು ಬೆಳೆದು ದನ ಸಾಕುತ್ತಿರುವವನಾದ್ದರಿಂದ ಅದರಲ್ಲಿನ ಬಹುಪಾಲು ಮಾತುಗಳನ್ನು ನಾನು ಒಪ್ಪುತ್ತೇನೆ. ಆದರೆ ಬಿತ್ತಿದ ನಲವತ್ತೇ ದಿನಗಳಲ್ಲಿ ಕೊಯ್ದು ಹಾಕಬಹುದು ಎಂಬ ಒಂದು ವಾಕ್ಯ, ಯಾವಾಗ ಕೊಯ್ದು ಹಾಕಬಾರದು ಎಂಬ ಇನ್ನೊಂದು ವಾಕ್ಯದ ಜೊತೆಯಿಲ್ಲದೆ ಒಂಟಿಯಾಗಿ ಅಚ್ಚಾದದ್ದನ್ನು ಕಂಡು ಈ ಪತ್ರ ಬರೆಯಬೇಕೆನಿಸಿತು. ಆ ಎರಡನೆಯ ವಾಕ್ಯ ನನಗೆ ತಿಳಿದದ್ದು ಗಬ್ಬದ ಆಕಳೊಂದನ್ನು ಕಳೆದುಕೊಂಡ ಮೇಲೆ.

ಮೊದಲು ಈ ಮೇವಿನ ಒಳ್ಳೆಯ ಗುಣವನ್ನೇ ಹೇಳಿಬಿಡುತ್ತೇನೆ. ನಮ್ಮದು ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನಲ್ಲಿ ಮಳೆ ಬೀಳುವ ಸೀಮೆ. ಇಲ್ಲಿ ದನಗಳಿಗೆ ಮೊದಲಿನಿಂದಲೂ ಆಧಾರ ಜೋಳದ ಕಣಕಿ, ಅಂದರೆ ತೆನೆ ತೆಗೆದ ಮೇಲೆ ಉಳಿಯುವ ಒಣ ದಂಟು. ಹಿಂಗಾರಿಯ ಮಾಲದಂಡಿ ಜೋಳ ಬಿತ್ತುವವರು ಕಡಿಮೆಯಾಗಿ ಕಡಲೆ, ಮೆಕ್ಕೆಜೋಳ, ಹತ್ತಿ ಆ ಜಾಗ ಹಿಡಿದ ಮೇಲೆ ಮನೆ ಹಿತ್ತಿಲಿನ ಬಣವೆಗಳು ವರ್ಷದಿಂದ ವರ್ಷಕ್ಕೆ ಸಣ್ಣವಾಗುತ್ತಾ ಬಂದವು. ಹೈಬ್ರಿಡ್ ನೇಪಿಯರ್ ನೆಟ್ಟರೆ ಮೂರು ನಾಲ್ಕು ವರ್ಷ ಚಿಂತೆಯಿಲ್ಲ ಎನ್ನುತ್ತಾರೆ, ನಿಜ, ಆದರೆ ಅದಕ್ಕೆ ಬೇಸಿಗೆಯಲ್ಲಿಯೂ ನೀರು ತಪ್ಪಬಾರದು, ನಮ್ಮ ಬೋರ್‌ವೆಲ್ಲಿಗೆ ಆ ಶಕ್ತಿ ಇಲ್ಲ. ಆಫ್ರಿಕನ್ ಟಾಲ್ ಮೆಕ್ಕೆಜೋಳ ಒಳ್ಳೆಯ ಮೇವು, ಒಂದು ಸಲ ಕೊಯ್ದರೆ ಮುಗಿಯಿತು. ಸುಡಾನ್ ಮಾತ್ರ ಕೊಯ್ದಷ್ಟೂ ಚಿಗುರುತ್ತದೆ. ಐವತ್ತು ಅರವತ್ತು ದಿನಕ್ಕೆ ಮೊದಲ ಕೊಯ್ಲು, ಆಮೇಲೆ ನೀರಿನ ಅನುಕೂಲದ ಮೇಲೆ ಮೂವತ್ತೈದು ನಲವತ್ತು ದಿನಕ್ಕೊಂದರಂತೆ ಇನ್ನೂ ಎರಡು ಮೂರು ಕೊಯ್ಲು ಸಿಗುತ್ತವೆ. ದಂಟು ಪೆನ್ಸಿಲಿಗಿಂತ ತುಸು ದಪ್ಪವಷ್ಟೇ ಇರುವುದರಿಂದ ಯಂತ್ರದಲ್ಲಿ ಕತ್ತರಿಸದಿದ್ದರೂ ದನಗಳು ಬುಡದವರೆಗೆ ತಿನ್ನುತ್ತವೆ. ಗೋದಲಿಯಲ್ಲಿ ಮಾರನೆಯ ದಿನ ಗುಡಿಸಿ ಚೆಲ್ಲುವಂಥದ್ದು ಏನೂ ಉಳಿಯುವುದಿಲ್ಲ.

ಬೀಜದಂಗಡಿಗಳಲ್ಲಿ ಇದಕ್ಕೆ ಹತ್ತಾರು ಹೆಸರುಗಳಿವೆ. ಸುಡಾನ್, ಸಿಹಿ ಸುಡಾನ್, ಮಲ್ಟಿಕಟ್ ಎಂದು ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು ಹರಿಯಾಣದ ಹಿಸಾರ್ ಕೃಷಿ ವಿಶ್ವವಿದ್ಯಾಲಯದಲ್ಲಿ ಬೆಳಕಿಗೆ ಬಂದ ಎಸ್‌ಎಸ್‌ಜಿ 59-3, ಇಲ್ಲವೇ ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಕಾಳಿನ ಜೋಳಕ್ಕೂ ಸುಡಾನ್ ಹುಲ್ಲಿಗೂ ಸಂಕರ ಮಾಡಿ ತೆಗೆದ ಸಿಒಎಫ್‌ಎಸ್ 29. ಮೊದಲಿನದು ಎಕರೆಗೆ ಹತ್ತು ಹನ್ನೆರಡು ಕಿಲೋ ಬೀಜ ಬೇಡುತ್ತದೆ, ಎರಡನೆಯದರ ಕಾಳು ತೀರ ಸಣ್ಣದಾದ್ದರಿಂದ ಎರಡು ಕಿಲೋ ಸಾಕು. ಒಂದು ಅಡಿ ಅಂತರದ ಸಾಲಿನಲ್ಲಿ, ಒಂದಂಗುಲಕ್ಕಿಂತ ಆಳಕ್ಕೆ ಹೋಗದಂತೆ ಬಿತ್ತಬೇಕು. ಕೊಯ್ಯುವಾಗ ನೆಲಕ್ಕೆ ಹತ್ತಿಸಿ ಕೊಯ್ಯದೆ ನಾಲ್ಕೈದು ಅಂಗುಲ ಬುಡ ಬಿಡಬೇಕು. ಮೊದಲ ವರ್ಷ ನಾನು ಬದುವಿನ ಹುಲ್ಲು ಕೊಯ್ದ ರೂಢಿಯಲ್ಲಿ ಕುಡುಗೋಲನ್ನು ಮಣ್ಣಿಗೇ ಆನಿಸಿ ಕೊಯ್ದು, ಅರ್ಧದಷ್ಟು ಬುಡಗಳು ಚಿಗುರದೇ ಹೋಗಿ, ಬೀಜ ಕೊಟ್ಟವನನ್ನು ಬೈದುಕೊಂಡಿದ್ದೆ. ನಾಲ್ಕು ಸಾಲಿಗೊಂದು ಅಲಸಂದೆ ಸಾಲು ಹಾಕಿದರೆ ಮೊದಲ ಕೊಯ್ಲಿನ ಮೇವು ಇನ್ನಷ್ಟು ಸತ್ವದ್ದಾಗುತ್ತದೆ, ಹಿಂಡಿಯ ಖರ್ಚೂ ತುಸು ಇಳಿಯುತ್ತದೆ.

ಇಷ್ಟೆಲ್ಲ ಒಳ್ಳೆಯದಿರುವ ಬೆಳೆಯ ತೊಡಕು ಶುರುವಾಗುವುದು ಅದರ ಹೆಸರಿನಿಂದ ಎಂಬುದು ನನ್ನ ಅಭಿಪ್ರಾಯ. ನಾವು ಅದನ್ನು ಹುಲ್ಲು ಎನ್ನುತ್ತೇವೆ. ಹುಲ್ಲು ಎಂದ ಕೂಡಲೇ ರೈತನ ಮನಸ್ಸಿಗೆ ಬರುವುದು ಗರಿಕೆ, ಕರಡ, ಹೆಚ್ಚೆಂದರೆ ನೇಪಿಯರ್. ಯಾವಾಗ ಬೇಕಾದರೂ ಕೊಯ್ಯಬಹುದು, ಎಷ್ಟು ಎಳೆಯದಾದರೆ ಅಷ್ಟು ಒಳ್ಳೆಯದು ಎಂಬ ಭಾವನೆ. ಇದು ಆ ಕುಲದ ಹುಲ್ಲಲ್ಲ. ಜೋಳದ ಒಡಹುಟ್ಟು ಎನ್ನುವಷ್ಟು ಹತ್ತಿರದ ಗಿಡ. ಜೋಳದ ಜೊತೆ ಸಲೀಸಾಗಿ ಸಂಕರವಾಗುತ್ತದೆ. ಇದರ ಬೇಸಾಯದ ಚರಿತ್ರೆಯೂ ಜೋಳದ ನಂಟಿನದೇ. ಅಮೆರಿಕದ ಕೃಷಿ ಇಲಾಖೆಯಲ್ಲಿದ್ದ ಸಸ್ಯವಿಜ್ಞಾನಿ ಸಿ.ವಿ. ಪೈಪರ್ ಎಂಬವರು, ಅಲ್ಲಿನ ಹೊಲಗಳಿಗೆ ಪೀಡೆಯಾಗಿದ್ದ ಜಾನ್ಸನ್ ಹುಲ್ಲಿನಂತೆಯೇ ಇದ್ದೂ ನೆಲದೊಳಗೆ ಗೆಡ್ಡೆಬೇರು ಹಬ್ಬಿಸದ ಗಿಡವೊಂದು ಜೋಳದ ತವರಾದ ಆಫ್ರಿಕದಲ್ಲಿ ಇದ್ದೀತೆಂದು ಹುಡುಕುತ್ತಿದ್ದಾಗ, 1909ರಲ್ಲಿ ಸುಡಾನಿನ ಖಾರ್ಟೂಮಿನಿಂದ ಅರ್ಧ ಪೌಂಡಿನಷ್ಟು ಬೀಜ ಅವರ ಕೈಸೇರಿತು. ಅದನ್ನು ಟೆಕ್ಸಾಸ್ ರಾಜ್ಯದ ಚಿಲಿಕೋಥೆಯಲ್ಲಿ ಬಿತ್ತಿ ನೋಡಿದರು. ಸುಡಾನಿನಲ್ಲಿ ಅದಕ್ಕೆ ‘ಗರಾವಿ’ ಎಂಬ ಹೆಸರಿತ್ತಂತೆ. ಆ ಹೆಸರು ಉಳಿಯದೆ, ಬಂದ ದೇಶದ ಹೆಸರಿಗೆ ಹುಲ್ಲು ಎಂಬುದು ಅಂಟಿಕೊಂಡು ಜಗತ್ತೆಲ್ಲ ಸುತ್ತಿತು.

ಇನ್ನು ನನ್ನ ಅನುಭವ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು, ನಮ್ಮದೂ ಅದರಲ್ಲೊಂದು. ಆ ವರ್ಷದ ಸುಡಾನಿನ ಮೊದಲ ಕೊಯ್ಲು ಹೇಗೋ ಕೈಗೆ ಬಂದಿತ್ತು. ಆಮೇಲೆ ಬೋರ್‌ವೆಲ್ ಕೈಕೊಟ್ಟು, ಮಳೆಯೂ ಇಲ್ಲದೆ, ಮೊಣಕಾಲೆತ್ತರಕ್ಕೆ ಬಂದಿದ್ದ ಕೂಳೆ, ಅಂದರೆ ಕೊಯ್ದ ಬುಡದ ಮರುಚಿಗುರು, ಸುಳಿ ಸುತ್ತಿಕೊಂಡು ಮೂರು ವಾರ ನಿಂತಲ್ಲೇ ನಿಂತಿತ್ತು. ಒಂದು ರಾತ್ರಿ ಹದವಾದ ಮಳೆ ಬಿತ್ತು. ನಾಲ್ಕೇ ದಿನಗಳಲ್ಲಿ ಬುಡದಿಂದ ಹೊಸ ಚಿಗುರು ಒಡೆದು ಹೊಲ ಗಿಳಿಹಸಿರಾಯಿತು. ಮನೆಯಲ್ಲಿ ಕಣಕಿಯ ಕಡೆಯ ಸಿವುಡು ಮುಗಿದು ಎರಡು ದಿನವಾಗಿತ್ತು. ಹಸಿರು ಕಂಡ ಹಿಗ್ಗಿನಲ್ಲಿ ಬೆಳಿಗ್ಗೆಯೇ ಒಂದು ಹೊರೆ ಕೊಯ್ದು ತಂದು, ಹಿಂದಿನ ಸಂಜೆಯಿಂದ ಹಸಿದಿದ್ದ ಎರಡು ಆಕಳ ಮುಂದೆ ಸುರುವಿದೆ. ಹಾಲು ಹಾಕಲು ಡೇರಿಗೆ ಹೋಗಿ ಮರಳಿ ಬರುವಷ್ಟರಲ್ಲಿ ಏಳು ತಿಂಗಳ ಗಬ್ಬದ ಆಕಳು ಕತ್ತು ಚಾಚಿ ಬಾಯಿ ತೆರೆದು ಏದುಸಿರು ಬಿಡುತ್ತಿತ್ತು, ಬಾಯಿಯಿಂದ ಜೊಲ್ಲು ಸುರಿಯುತ್ತಿತ್ತು, ಮೈಯೆಲ್ಲ ನಡುಗುತ್ತಿತ್ತು. ನಾಲ್ಕು ಹೆಜ್ಜೆ ತೂರಾಡಿ ಗೋದಲಿಗೆ ಬಡಿದುಕೊಂಡು ಬಿತ್ತು. ವೈದ್ಯರು ಮುಕ್ಕಾಲು ಗಂಟೆಯಲ್ಲಿ ಬಂದರು, ಅದಕ್ಕೂ ಮೊದಲೇ ಅದರ ಪ್ರಾಣ ಹೋಗಿತ್ತು. ಇನ್ನೊಂದು ಆಕಳಿಗೆ ಕೊರಳಿನ ರಕ್ತನಾಳಕ್ಕೆ ಸೂಜಿಮದ್ದು ಕೊಟ್ಟರು; ಅದು ನಿಧಾನಕ್ಕೆ ತಿನ್ನುವ ಮುದಿ ಆಕಳು, ಅರ್ಧ ಮೇವನ್ನೂ ಮುಗಿಸಿರಲಿಲ್ಲ, ಸಂಜೆಯ ಹೊತ್ತಿಗೆ ಎದ್ದು ನಿಂತಿತು. ಸತ್ತ ಆಕಳನ್ನು ಕೊಯ್ದು ನೋಡಿದಾಗ ರಕ್ತ ಕುಂಕುಮ ಕಲಸಿದ ನೀರಿನಂತೆ ಕೆಂಪಗೆ ಹೊಳೆಯುತ್ತಿತ್ತು.

ಮಧ್ಯಾಹ್ನ ಪಕ್ಕದ ಹೊಲದ ಹಿರಿಯರು ಬಂದು, ‘ತಮ್ಮಾ, ಹಸದ ದನಕ್ಕ ಜೋಳದ ಕೂಳಿ ಯಾರರ ಹಾಕ್ತಾರೇನು?’ ಎಂದು ಕೇಳಿದರು. ಇದು ಜೋಳವಲ್ಲ, ಹುಲ್ಲು ಎಂದೆ. ಅವರು ಮಾತಾಡದೆ ಬದುವಿನ ಅಂಚಿನಲ್ಲಿ ಕೊಯ್ಯದೆ ಬಿಟ್ಟಿದ್ದ ಎತ್ತರದ ಗಿಡವೊಂದರ ದಂಟು ಮುರಿದು, ಸಿಪ್ಪೆ ಸುಲಿದು, ಒಳಗಿನ ಬೆಂಡನ್ನು ಜಗಿದು ಉಗುಳಿ, ಉಳಿದ ತುಂಡನ್ನು ನನ್ನ ಕೈಗಿತ್ತರು. ನಾನೂ ಜಗಿದೆ. ಚಿಕ್ಕಂದಿನಲ್ಲಿ ಹೊಲದಲ್ಲಿ ತಿಂದ ಸಿಹಿ ಜೋಳದ ದಂಟಿನದೇ ರುಚಿ. ಜೋಳದ ಕೂಳೆಗೆ ದನ ಬಿಡಬಾರದೆಂಬುದು ನನಗೂ ಗೊತ್ತಿದ್ದ ಸಂಗತಿಯೇ. ನಮ್ಮಪ್ಪ ಜೋಳ ಕೊಯ್ದ ಹೊಲದ ದಾರಿಯಲ್ಲಿ ಎತ್ತುಗಳನ್ನು ಹೊಡೆದುಕೊಂಡು ಹೋಗುವಾಗ ಅವುಗಳ ಬಾಯಿಗೆ ಕುಕ್ಕೆ ಕಟ್ಟುತ್ತಿದ್ದರು. ಗೊತ್ತಿದ್ದ ಆ ಸಂಗತಿಗೂ ಈ ಬೆಳೆಗೂ ಸಂಬಂಧವಿದೆ ಎಂಬುದಷ್ಟೇ ನನಗೆ ಹೊಳೆದಿರಲಿಲ್ಲ.

ಇದರಲ್ಲಿ ಗುಟ್ಟೇನೂ ಇಲ್ಲ. ಎಳೆಯ ಜೋಳದಲ್ಲಿರುವ ವಿಷಮೂಲವನ್ನು ಡನ್‌ಸ್ಟನ್ ಮತ್ತು ಹೆನ್ರಿ ಎಂಬ ರಸಾಯನಶಾಸ್ತ್ರಜ್ಞರು 1902ರಲ್ಲಿಯೇ ಬೇರ್ಪಡಿಸಿ, ಜೋಳಕ್ಕೆ ಅರಬ್ಬಿಯಲ್ಲಿರುವ ದುರ್ರಾ ಎಂಬ ಹೆಸರಿನಿಂದಲೇ ಅದನ್ನು ಡುರಿನ್ ಎಂದು ಕರೆದರು. ಡುರಿನ್ ತನ್ನಷ್ಟಕ್ಕೆ ತಾನು ಕೇಡು ಮಾಡುವುದಿಲ್ಲ. ಎಲೆಯ ಜೀವಕೋಶದೊಳಗೆ ಅದು ಒಂದು ಕಡೆ, ಅದನ್ನು ಒಡೆಯುವ ಕಿಣ್ವ ಇನ್ನೊಂದು ಕಡೆ ಇರುತ್ತವೆ. ದನ ಜಗಿದಾಗ ಎರಡೂ ಸೇರಿ ಹೈಡ್ರೊಸಯನಿಕ್ ಆಮ್ಲ, ಅಂದರೆ ಸೈನೈಡ್, ಬಿಡುಗಡೆಯಾಗುತ್ತದೆ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಆ ಕೆಲಸವನ್ನು ಇನ್ನಷ್ಟು ಬೇಗ ಮುಗಿಸುತ್ತವೆ. ಉಸಿರಾಡಿದ ಆಮ್ಲಜನಕ ರಕ್ತದಲ್ಲಿ ತುಂಬಿದ್ದರೂ ಅದನ್ನು ಬಳಸಿಕೊಳ್ಳುವ ಶಕ್ತಿಯನ್ನು ಜೀವಕೋಶಗಳು ಕಳೆದುಕೊಳ್ಳುತ್ತವೆ, ರಕ್ತ ಅಷ್ಟು ಕೆಂಪಗಿರಲು ಅದೇ ಕಾರಣ. ದೇಹತೂಕದ ಕಿಲೋಗೆ ಸುಮಾರು 2 ಮಿಲಿಗ್ರಾಂ ಸೈನೈಡ್ ಒಮ್ಮೆಗೇ ಒಳಹೋದರೆ ದನ ಉಳಿಯುವುದು ಕಷ್ಟ. ಹಸಿಮೇವಿನ ಕಿಲೋದಲ್ಲಿ 200 ಮಿಲಿಗ್ರಾಂ ಇದ್ದರೆ ಅಪಾಯವೆಂದು ಲೆಕ್ಕ. 300 ಕಿಲೋ ತೂಗುವ ಆಕಳಿಗೆ ಅಂಥ ಮೇವು ಮೂರು ಕಿಲೋ ಸಾಕಾಯಿತು, ಒಂದು ತೆಕ್ಕೆಯಷ್ಟೂ ಬೇಡ. ನಿಧಾನವಾಗಿ ತಿಂದರೆ ಪಿತ್ತಜನಕಾಂಗ ಸ್ವಲ್ಪ ಸ್ವಲ್ಪವನ್ನೇ ಅರಗಿಸಿ ಹೊರಹಾಕಬಲ್ಲದು. ಹಸಿದ ದನ ಗಬಗಬನೆ ತಿನ್ನುತ್ತದೆ, ಅದಕ್ಕೇ ಮೊದಲು ಸಾಯುವುದು ಅದು.

ಈ ವಿಷ ಎಳೆಯ ಗಿಡದಲ್ಲಿ ಹೆಚ್ಚು, ದಂಟಿಗಿಂತ ಎಲೆಯಲ್ಲಿ ಹೆಚ್ಚು, ಬರಕ್ಕೆ ಕುಂಠಿತವಾಗಿ ನಿಂತು ಮಳೆಗೆ ಚಿಗುರಿದಾಗ ಇನ್ನೂ ಹೆಚ್ಚು, ಯೂರಿಯಾ ಸುರಿದ ಹೊಲದಲ್ಲಿ ಮತ್ತೂ ಹೆಚ್ಚು. ಗಿಡ ಬಲಿತಂತೆ ಇಳಿಯುತ್ತಾ ಬರುತ್ತದೆ. ಅಪ್ಪಟ ಸುಡಾನಿನಲ್ಲಿ ಕಾಳಿನ ಜೋಳಕ್ಕಿಂತ ಕಡಿಮೆ ಇರುವುದರಿಂದ ಒಂದೂವರೆ ಅಡಿ ದಾಟಿದ ಮೇಲೆ ಮೇಯಿಸಬಹುದೆಂದೂ, ಜೋಳದ ಜೊತೆ ಸಂಕರವಾದ ತಳಿಗಳಿಗೆ ಎರಡರಿಂದ ಎರಡೂವರೆ ಅಡಿ ಆಗಬೇಕೆಂದೂ ತಿಳಿದವರು ಹೇಳುತ್ತಾರೆ. ನಮ್ಮ ಚೀಲದಲ್ಲಿರುವುದು ಅಪ್ಪಟವೋ ಸಂಕರವೋ ಅಂಗಡಿಯವನಿಗೇ ಗೊತ್ತಿಲ್ಲದಿರುವಾಗ ಸೊಂಟದೆತ್ತರಕ್ಕೆ ಬರುವ ತನಕ ಕುಡುಗೋಲು ಮುಟ್ಟದಿರುವುದೇ ಕ್ಷೇಮ. ಅರ್ಧದಷ್ಟು ತೆನೆ ಹೂವಾಡುವವರೆಗೆ ಕಾದರೆ ಇನ್ನೂ ನಿಶ್ಚಿಂತೆ. ಕೊಯ್ದ ಮೇವನ್ನು ಚೆನ್ನಾಗಿ ಒಣಗಿಸಿ ಹುಲ್ಲು ಮಾಡಿಕೊಂಡರೆ ಸೈನೈಡ್ ಬಹುಪಾಲು ಆರಿಹೋಗುತ್ತದೆ, ಗಾಳಿಯಾಡದಂತೆ ಮುಚ್ಚಿಟ್ಟು ಹುಳಿಬರಿಸಿದ ರಸಮೇವು ಮಾಡಿ ಮೂರು ನಾಲ್ಕು ವಾರ ಬಿಟ್ಟು ತೆಗೆದರೂ ಆದೀತು. ಆದರೆ ಬರಗಾಲದಲ್ಲಿ ಯೂರಿಯಾ ಹೆಚ್ಚಾದ ಮೇವಿನಲ್ಲಿ ನೈಟ್ರೇಟ್ ಎಂಬ ಇನ್ನೊಂದು ಕಂಟಕ ಸೇರಿಕೊಳ್ಳುವುದುಂಟು, ಅದು ಒಣಗಿಸಿದರೂ ಹೋಗುವುದಿಲ್ಲ. ಹಾಗಾಗಿ ಬಾಡಿದ ಹೊಲಕ್ಕೆ ಮಳೆಯ ಆಸೆಯಲ್ಲಿ ಗೊಬ್ಬರ ಎರಚುವ ಅವಸರವೂ ಬೇಡ.

ಆಕಳು ಸತ್ತ ಮೂರನೆಯ ದಿನ ನಾನು ಬೀಜದ ಖಾಲಿ ಚೀಲವನ್ನು ಹುಡುಕಿ ತೆಗೆದು, ಕನ್ನಡಕ ಹಾಕಿಕೊಂಡು ಪೂರ್ತಿ ಓದಿದೆ. ತಳಿಯ ಹೆಸರು, ಮೊಳಕೆಯ ಪ್ರಮಾಣ, ಶುದ್ಧತೆ, ಪರೀಕ್ಷಿಸಿದ ತಾರೀಕು, ಬೆಲೆ ಎಲ್ಲವೂ ಇದ್ದವು. ಅವುಗಳ ಕೆಳಗೆ ಕೆಂಪು ಅಕ್ಷರದಲ್ಲಿ ವಿಷ ಎಂದು ಬರೆದು, ಬೀಜಕ್ಕೆ ಔಷಧಿ ಲೇಪಿಸಿರುವುದರಿಂದ ಆಹಾರಕ್ಕಾಗಲಿ, ದನದ ಮೇವಿಗಾಗಲಿ, ಎಣ್ಣೆಗಾಗಲಿ ಬಳಸಬಾರದೆಂಬ ಎಚ್ಚರಿಕೆಯಿತ್ತು. ಹೀಗೆ ಮುದ್ರಿಸಬೇಕೆಂಬುದು 1966ರ ಬೀಜ ಕಾಯ್ದೆಯಡಿ 1968ರಲ್ಲಿ ರೂಪಿಸಿದ ನಿಯಮಗಳ ಕಟ್ಟಳೆ, ಅದು ಸರಿಯಾದದ್ದೇ. ಆದರೆ ಮುನ್ನೂರು ರೂಪಾಯಿ ಕೊಟ್ಟು ತಂದ ಬೀಜವನ್ನು ಯಾವ ರೈತನೂ ದನಕ್ಕೆ ಹಾಕುವುದಿಲ್ಲ. ಆ ಬೀಜದಿಂದ ಬೆಳೆದದ್ದನ್ನು ಹಾಕುತ್ತಾನೆ, ಹಾಕಲಿಕ್ಕೆಂದೇ ಬೆಳೆದಿರುತ್ತಾನೆ. ಅದರ ವಿಚಾರವಾಗಿ ಚೀಲದ ಮೇಲೆ ಒಂದಕ್ಷರವೂ ಇರಲಿಲ್ಲ. ಅದಾದ ಮೇಲೆ ಊರಿನವರು ತಂದ ಬೇರೆ ಬೇರೆ ಕಂಪನಿಗಳ ಐದಾರು ಚೀಲಗಳನ್ನೂ, ಸರ್ಕಾರದಿಂದ ಉಚಿತವಾಗಿ ಬಂದ ಮೇವಿನ ಬೀಜದ ಒಂದು ಕಿಟ್ಟನ್ನೂ ತಿರುವಿ ನೋಡಿದ್ದೇನೆ. ನಾನು ನೋಡಿದವುಗಳಲ್ಲಿ ಯಾವುದರ ಮೇಲೂ ಇರಲಿಲ್ಲ.

ನನ್ನ ತಪ್ಪನ್ನು ಬೇರೆಯವರ ತಲೆಗೆ ಕಟ್ಟಲು ಈ ಮಾತು ಹೇಳುತ್ತಿಲ್ಲ. ಎಚ್ಚರಿಕೆಯ ಮಾತು ಬರೆದರೆ ರೈತರು ಹೆದರಿ ಮೇವು ಬೆಳೆಯುವುದನ್ನೇ ಬಿಟ್ಟಾರು ಎಂದು ತಿಳಿವಳಿಕೆಯುಳ್ಳ ಒಬ್ಬರು ನನಗೆ ಹೇಳಿದರು. ನನಗೆ ಹಾಗೆನಿಸುವುದಿಲ್ಲ. ನನ್ನ ಆಕಳು ಸತ್ತ ವರ್ಷ ನಮ್ಮೂರಿನಲ್ಲಿ ಸುಡಾನ್ ಬೆಳೆಯುತ್ತಿದ್ದ ಏಳು ಮನೆಗಳ ಪೈಕಿ ಐದು ಮನೆಯವರು ಮರುವರ್ಷ ಬಿತ್ತಲೇ ಇಲ್ಲ. ಅವರು ಹೆದರಿದ್ದು ಚೀಲದ ಮೇಲಿನ ಅಕ್ಷರಕ್ಕಲ್ಲ, ನನ್ನ ಹಿತ್ತಿಲಿನಲ್ಲಿ ಬಿದ್ದಿದ್ದ ಆಕಳಿಗೆ. ಸಸ್ಯತಳಿ ವಿಜ್ಞಾನಿಗಳೂ ಈ ಅಪಾಯವನ್ನು ಮುಚ್ಚಿಟ್ಟವರಲ್ಲ. ವಿಷದ ಅಂಶ ಕಡಿಮೆಯಿರುವ ಸುಡಾನ್ ತಳಿಯೊಂದನ್ನು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕಳೆದ ಶತಮಾನದ ನಡುವಿನಲ್ಲಿಯೇ ತೆಗೆದು, ಆ ಬೀಜವನ್ನು ಮೊದಲು ತರಿಸಿದ ಪೈಪರ್ ಅವರ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ.

ಚಿಕಿತ್ಸೆಯ ವಿಚಾರವಾಗಿಯೂ ಎರಡು ಮಾತು ಅಗತ್ಯ. ಇದಕ್ಕೆ ಮದ್ದಿದೆ. ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್‌ಗಳನ್ನು ವೈದ್ಯರು ರಕ್ತನಾಳಕ್ಕೆ ಕೊಟ್ಟರೆ ದನ ಚೇತರಿಸಿಕೊಳ್ಳುವುದನ್ನು ನಾನೇ ಕಂಡಿದ್ದೇನೆ. ಎರಡನೆಯದು ಮತ್ತೇನಲ್ಲ, ಹಿಂದೆ ಫೋಟೊ ಸ್ಟುಡಿಯೊಗಳಲ್ಲಿ ಫಿಲ್ಮ್ ತೊಳೆಯಲು ಬಳಸುತ್ತಿದ್ದ ಹೈಪೋ. ಇಷ್ಟು ಅಗ್ಗದ ವಸ್ತು ಮೇವಿನ ಜೋಳ ಬೆಳೆಯುವ ಸೀಮೆಯ ಪ್ರತಿ ಪಶು ಚಿಕಿತ್ಸಾಲಯದಲ್ಲಿಯೂ, 1962ಕ್ಕೆ ಕರೆ ಮಾಡಿದರೆ ಬರುವ ಸಂಚಾರಿ ಪಶು ಚಿಕಿತ್ಸಾ ವಾಹನದಲ್ಲಿಯೂ ಮುಂಗಾರಿಯ ಹೊತ್ತಿಗೆ ಸಿದ್ಧವಿರಬೇಕು. ನನ್ನ ಆಕಳಿನ ಪಾಲಿಗೆ ಬಂದ ವೈದ್ಯರ ಪೆಟ್ಟಿಗೆಯಲ್ಲಿದ್ದುದು ಒಂದೇ ದನಕ್ಕಾಗುವಷ್ಟು ಮದ್ದು. ರೈತರು ಮಾಡಬಾರದ ಕೆಲಸವೂ ಒಂದಿದೆ: ಏದುಸಿರು ಬಿಡುತ್ತಿರುವ ದನದ ಬಾಯಿಗೆ ಗೊಟ್ಟ ತುರುಕಿ ಬೆಲ್ಲದ ನೀರನ್ನೋ ಮಜ್ಜಿಗೆಯನ್ನೋ ಸುರಿಯುವುದು. ಅದು ಹೊಟ್ಟೆಗೆ ಹೋಗುವ ಬದಲು ಪುಪ್ಪುಸಕ್ಕೆ ಹೋಗುತ್ತದೆ. ಮುಂದಿರುವ ಮೇವನ್ನು ಎಳೆದು ಹಾಕಿ, ಫೋನು ಮಾಡಿ, ಮಿಕ್ಕ ದನಗಳನ್ನು ದೂರ ಕಟ್ಟುವುದೇ ಆ ಹೊತ್ತಿನ ಕೆಲಸ.

ಹಾಲು ಉತ್ಪಾದಕರ ಸಹಕಾರ ಸಂಘಗಳು ಮನಸ್ಸು ಮಾಡಿದರೆ ಇನ್ನೊಂದು ಅನುಕೂಲವನ್ನೂ ಮಾಡಿಕೊಡಬಹುದು. ಪಿಕ್ರೇಟ್ ಕಾಗದವೆಂಬ ಹಳದಿ ಪಟ್ಟಿಯನ್ನು, ಜಜ್ಜಿದ ಎಲೆ ತುಂಬಿದ ಸೀಸೆಯೊಳಗೆ ಎಲೆಗೆ ತಾಗದಂತೆ ನೇತುಹಾಕಿ ಬಿರಡೆ ಹಾಕಿಟ್ಟರೆ, ಸೈನೈಡ್ ಇದ್ದಲ್ಲಿ ಅದು ಸ್ವಲ್ಪ ಹೊತ್ತಿನಲ್ಲಿಯೇ ಇಟ್ಟಿಗೆಗೆಂಪಿಗೆ ತಿರುಗುತ್ತದೆ. ನೂರು ವರ್ಷಕ್ಕೂ ಹಳೆಯ ಪರೀಕ್ಷೆ ಇದು. ಪಟ್ಟಿಯನ್ನು ಪ್ರಯೋಗಾಲಯದಲ್ಲಿಯೇ ಸಿದ್ಧಪಡಿಸಿ ಕೊಡಬೇಕು, ಏಕೆಂದರೆ ಪಿಕ್ರಿಕ್ ಆಮ್ಲ ಒಣಗಿದರೆ ಸಿಡಿಯುವಂಥದ್ದು, ಮನೆಯಲ್ಲಿ ಇಟ್ಟುಕೊಳ್ಳತಕ್ಕದ್ದಲ್ಲ. ದಿನಕ್ಕೆರಡು ಹೊತ್ತು ಹಾಲಿನ ಡಿಗ್ರಿ, ಫ್ಯಾಟ್ ಅಳೆಯುವ ಸಂಘದ ಕಾರ್ಯದರ್ಶಿಗೆ ವಾರಕ್ಕೊಮ್ಮೆ ನಾಲ್ಕು ಸೀಸೆ ನೋಡುವುದು ಭಾರವಾಗಲಾರದು. ಹಾಲಿಗೆ ನೀರು ಬೆರೆಸಿದ್ದನ್ನು ಹಿಡಿಯಲು ಪ್ರತಿ ಊರಿನಲ್ಲೂ ವ್ಯವಸ್ಥೆಯಿದೆ. ಆ ಹಾಲು ಕೊಡುವ ದನ ಏನು ತಿನ್ನುತ್ತಿದೆ ಎಂದು ನೋಡುವ ವ್ಯವಸ್ಥೆ ಮಾತ್ರ ಇಲ್ಲ.

ಈಗ ನಾನು ಮತ್ತೆ ಸುಡಾನ್ ಬೆಳೆಯುತ್ತಿದ್ದೇನೆ. ಬದುವಿನ ಮೇಲೆ ಮೂರಡಿಯ ಕೋಲೊಂದನ್ನು ನೆಟ್ಟು ತುದಿಗೆ ಸುಣ್ಣ ಬಳಿದಿದ್ದೇನೆ, ಗಿಡದ ತಲೆ ಆ ಬಿಳಿ ದಾಟುವವರೆಗೆ ಮನೆಯವರು ಯಾರೂ ಕೊಯ್ಯುವುದಿಲ್ಲ. ಕೊಯ್ದದ್ದನ್ನೂ ಮೊದಲು ಒಂದು ಹಿಡಿ ಕಣಕಿ ತಿನ್ನಿಸಿಯೇ ಹಾಕುತ್ತೇವೆ. ಪಶುಪಾಲನಾ ಇಲಾಖೆಯವರಲ್ಲಿ ಮತ್ತು ಬೀಜ ಮಾರುವ ಕಂಪನಿಗಳವರಲ್ಲಿ ನನ್ನ ಬೇಡಿಕೆ ಒಂದೇ. ಮುಂದಿನ ಮುಂಗಾರಿಗೆ ಹಂಚುವ ಸುಡಾನ್ ಮತ್ತು ಮೇವಿನ ಜೋಳದ ಚೀಲಗಳ ಮೇಲೆ, ಬೀಜಕ್ಕೆ ಲೇಪಿಸಿದ ಔಷಧಿಯ ಎಚ್ಚರಿಕೆ ಇರುವಷ್ಟೇ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ, ಈ ನಾಲ್ಕು ಸಾಲುಗಳನ್ನು ಮುದ್ರಿಸಬೇಕು. ತಾವೂ ಮೇವಿನ ಲೇಖನ ಪ್ರಕಟಿಸುವಾಗಲೆಲ್ಲ ಜೊತೆಯಲ್ಲಿ ಹಾಕಿದರೆ ಉಪಕಾರವಾದೀತು:

‘ಇದು ಜೋಳದ ಜಾತಿಯ ಮೇವು. ಸೊಂಟದೆತ್ತರಕ್ಕೆ ಬರುವ ಮೊದಲು ಹಸಿಯಾಗಿ ತಿನ್ನಿಸಬೇಡಿ. ಬರಕ್ಕೆ ಬಾಡಿ ನಿಂತಾಗ, ಅನಂತರ ಮಳೆಗೆ ಚಿಗುರಿದಾಗ ದನ, ಕುರಿ, ಆಡುಗಳನ್ನು ಹೊಲಕ್ಕೆ ಬಿಡಬೇಡಿ. ಮೇವು ತಿಂದ ದನ ಏದುಸಿರು ಬಿಟ್ಟರೆ ಕೂಡಲೇ 1962ಕ್ಕೆ ಕರೆ ಮಾಡಿ.’

ಇಂತಿ,
ಒಬ್ಬ ಹೈನುಗಾರ,
ಯಲಬುರ್ಗಾ ತಾಲ್ಲೂಕು, ಕೊಪ್ಪಳ ಜಿಲ್ಲೆ